ರನ್: ಮೂರಕ್ಷರದ ಪದ, ಆರುನೂರು ಮಿಕ್ಕಿದ ಅರ್ಥ

ಇಂಗ್ಲಿಷಿನ ‘ರನ್’ ಮೂರೇ ಅಕ್ಷರಗಳ ಕ್ರಿಯಾಪದ. ಶಾಲೆಯ ಮಕ್ಕಳು ಅದನ್ನು ‘ಓಡು’ ಎಂದು ಕಲಿಯುತ್ತಾರೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಈ ಪದವನ್ನು 2011ರಲ್ಲಿ ಪರಿಷ್ಕರಿಸಿದಾಗ, ಕ್ರಿಯಾಪದವಾಗಿ ಮಾತ್ರವೇ ಅದಕ್ಕೆ 645 ಅರ್ಥಗಳನ್ನು ಗುರುತಿಸಿತು. ಆ ನಮೂದನ್ನು ಸಿದ್ಧಪಡಿಸಿದ ನಿಘಂಟುಕಾರ ಪೀಟರ್ ಗಿಲಿವರ್ ಅವರಿಗೆ ಈ ಒಂದು ಪದಕ್ಕೇ ಸುಮಾರು ಒಂಬತ್ತು ತಿಂಗಳು ಹಿಡಿಯಿತು. ಮನುಷ್ಯ, ನದಿ, ಮೂಗು, ಬಸ್ಸು, ಬೇಲಿ, ಅಂಗಡಿ, ನಾಟಕ, ಜ್ವರ, ಕಂಪ್ಯೂಟರಿನ ಪ್ರೋಗ್ರಾಂ ಎಲ್ಲಕ್ಕೂ ಇಂಗ್ಲಿಷಿನಲ್ಲಿ ಇದೊಂದೇ ಕ್ರಿಯಾಪದ ಸಾಕು. ಹೊರಗಿನಿಂದ ನೋಡಿದವರಿಗೆ ಇದು ಗೊಂದಲವೆನಿಸಬಹುದು. ಆದರೆ ಆ ಅರ್ಥಗಳನ್ನು ಹುಟ್ಟಿದ ಕ್ರಮದಲ್ಲಿ ಜೋಡಿಸಿದರೆ ಪ್ರತಿಯೊಂದೂ ಪಕ್ಕದ ಇನ್ನೊಂದರಿಂದ ಬಂದದ್ದು ಕಾಣುತ್ತದೆ.

ಎರಡು ಕ್ರಿಯಾಪದಗಳ ಕೂಡಿಕೆ

ಇಂದಿನ ‘ರನ್’ ಹಳೆಯ ಇಂಗ್ಲಿಷಿನ ಎರಡು ಕ್ರಿಯಾಪದಗಳಿಂದ ಬಂದಿದೆ. ಒಂದು ‘ರಿನ್ನನ್’. ಅದರ ಅರ್ಥ ತಾನೇ ಓಡು, ಹರಿ. ಧ್ವನಿಗಳು ಅದಲುಬದಲಾಗಿ ಅದು ‘ಇರ್ನನ್’ ಎಂಬ ರೂಪದಲ್ಲೂ ಬಳಕೆಯಲ್ಲಿತ್ತು. ಇನ್ನೊಂದು ‘ಆರ್ನನ್’. ಅದರ ಅರ್ಥ ಕುದುರೆ ಮೊದಲಾದುವನ್ನು ಓಡಿಸು. ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಜನರ ನಾರ್ಸ್ ಭಾಷೆಯಲ್ಲಿಯೂ ‘ರಿನ್ನ’, ‘ರೆನ್ನ’ ಎಂಬ ಸೋದರ ಪದಗಳಿದ್ದವು. ಅವುಗಳ ಪ್ರಭಾವವೂ ಸೇರಿ, ಮಧ್ಯಕಾಲದಲ್ಲಿ ಓಡುವುದಕ್ಕೂ ಓಡಿಸುವುದಕ್ಕೂ ಒಂದೇ ಪದ ಉಳಿಯಿತು. ಜರ್ಮನ್ ಭಾಷೆಯಲ್ಲಿ ಇಂದಿಗೂ ‘ರಿನ್ನೆನ್’ ಎಂದರೆ ಹರಿ, ತೊಟ್ಟಿಕ್ಕು. ‘ರೆನ್ನೆನ್’ ಎಂದರೆ ವೇಗವಾಗಿ ಓಡು. ಜರ್ಮನ್ ಬೇರೆಯಾಗಿ ಉಳಿಸಿಕೊಂಡದ್ದನ್ನು ಇಂಗ್ಲಿಷ್ ಒಂದಾಗಿಸಿತು.

ಈ ಕೂಡಿಕೆಯ ಪರಿಣಾಮ ದೊಡ್ಡದು. ಕನ್ನಡದಲ್ಲಿ ‘ಓಡು’ ಎಂಬುದಕ್ಕೆ ‘ಇಸು’ ಸೇರಿದರೆ ‘ಓಡಿಸು’ ಆಗುತ್ತದೆ; ‘ನಡೆ’ ಎಂಬುದು ‘ನಡೆಸು’ ಆಗುತ್ತದೆ. ಕೆಲಸ ತಾನೇ ಆಗುತ್ತಿದೆಯೋ ಇನ್ನೊಬ್ಬರು ಮಾಡಿಸುತ್ತಿದ್ದಾರೋ ಎಂಬುದು ಕ್ರಿಯಾಪದದ ರೂಪದಲ್ಲೇ ತಿಳಿಯುತ್ತದೆ. ಇಂಗ್ಲಿಷಿನ ‘ರನ್’ಗೆ ಆ ಗುರುತಿಲ್ಲ. ಅಂಗಡಿಯೂ ‘ರನ್’ ಆಗುತ್ತದೆ, ಮಾಲೀಕನೂ ಅಂಗಡಿಯನ್ನು ‘ರನ್’ ಮಾಡುತ್ತಾನೆ. ಹೀಗೆ ಒಂದೊಂದು ಬಳಕೆಗೂ ಎರಡೆರಡು ಮುಖ ಬಂದು, ನಿಘಂಟಿನಲ್ಲಿ ಅರ್ಥಗಳ ಪಟ್ಟಿ ಬೆಳೆಯಿತು.

ನೀರಿನ ಬಳಗ

ಓಡುವುದು ಮತ್ತು ಹರಿಯುವುದು ಈ ಪದದಲ್ಲಿ ಮೊದಲಿನಿಂದಲೂ ಜೊತೆಗಿವೆ. ನದಿ, ರಕ್ತ, ಕಣ್ಣೀರು, ನಲ್ಲಿಯ ನೀರು ಎಲ್ಲಕ್ಕೂ ‘ರನ್’ ಸಲ್ಲುತ್ತದೆ. ನೆಗಡಿಯಾದಾಗ ಮೂಗು ‘ರನ್’ ಆಗುತ್ತದೆ. ಒಗೆಯುವಾಗ ಬಟ್ಟೆಯ ಬಣ್ಣ ಬಿಟ್ಟು ಪಕ್ಕದ ಬಟ್ಟೆಗೆ ಹತ್ತಿದರೆ ಅದೂ ‘ರನ್’. ಕರಗಿದ ಮೇಣ, ಬೆಣ್ಣೆ ಇಳಿಯುವುದಕ್ಕೂ ಅದೇ ಪದ. ಚೀಸ್ ತಯಾರಿಸಲು ಹಾಲಿಗೆ ಹಾಕುವ ಹೆಪ್ಪಿಗೆ ಇಂಗ್ಲಿಷಿನಲ್ಲಿ ‘ರೆನೆಟ್’ ಎಂಬ ಹೆಸರಿದೆ. ಹಾಲನ್ನು ಒಂದುಗೂಡಿಸಿ ಗಟ್ಟಿಯಾಗಿಸುತ್ತದೆ ಎಂಬ ಅರ್ಥದಲ್ಲಿ ಅದೂ ಇದೇ ಮೂಲದಿಂದ ಬಂದಿದೆ.

ಹರಿಯುವ ನೀರು ನೆಲದ ಮೇಲೆ ಗೆರೆಯೊಂದನ್ನು ಎಳೆಯುತ್ತದೆ. ಅಲ್ಲಿಂದ ಮುಂದಕ್ಕೆ, ಚಲನೆಯೇ ಇಲ್ಲದಿದ್ದರೂ ಉದ್ದಕ್ಕೆ ಚಾಚಿಕೊಂಡಿರುವ ಎಲ್ಲಕ್ಕೂ ಈ ಪದ ಅನ್ವಯವಾಯಿತು. ರಸ್ತೆ ಊರ ನಡುವೆ ‘ರನ್’ ಆಗುತ್ತದೆ, ಬೇಲಿ ಹೊಲದ ಅಂಚಿಗೆ ‘ರನ್’ ಆಗುತ್ತದೆ, ಬೆಟ್ಟದ ಸಾಲು ಉತ್ತರದಿಂದ ದಕ್ಷಿಣಕ್ಕೆ ‘ರನ್’ ಆಗುತ್ತದೆ. ಇಲ್ಲಿ ಓಡುವುದು ನೋಡುವವರ ಕಣ್ಣು ಮಾತ್ರ. ಅಮೆರಿಕನ್ನರು ತೆಳುವಾದ ಕಾಲುಚೀಲದ ಹೆಣಿಗೆ ಒಂದು ಕಡೆ ಬಿಟ್ಟು ಉದ್ದಕ್ಕೆ ಸೀಳು ಬೀಳುವುದನ್ನೂ ‘ರನ್’ ಎನ್ನುತ್ತಾರೆ. ಬ್ರಿಟಿಷರು ಅದಕ್ಕೆ ಏಣಿ ಎಂಬ ಅರ್ಥದ ‘ಲ್ಯಾಡರ್’ ಪದವನ್ನು ಬಳಸುತ್ತಾರೆ.

ಜಾಗದಲ್ಲಿ ಉದ್ದಕ್ಕೆ ಚಾಚಿಕೊಳ್ಳುವುದು ಕಾಲದಲ್ಲಿ ಉದ್ದಕ್ಕೆ ಮುಂದುವರಿಯುವುದಕ್ಕೆ ಹತ್ತಿರದ್ದು. ಹಾಗಾಗಿ ಒಪ್ಪಂದ ಐದು ವರ್ಷ ‘ರನ್’ ಆಗುತ್ತದೆ, ಸಭೆ ನಿಗದಿತ ಸಮಯ ಮೀರಿ ‘ರನ್’ ಆಗುತ್ತದೆ. ರಂಗಭೂಮಿಯಲ್ಲಿ ನಾಟಕವೊಂದು ಎಷ್ಟು ಕಾಲ ಎಡೆಬಿಡದೆ ಪ್ರದರ್ಶನಗೊಂಡಿತು ಎಂಬುದೇ ಅದರ ‘ರನ್’. ಅಗಾಥ ಕ್ರಿಸ್ಟಿಯ ‘ದ ಮೌಸ್‌ಟ್ರ್ಯಾಪ್’ ಲಂಡನ್ನಿನಲ್ಲಿ ತೆರೆಕಂಡದ್ದು 1952ರ ನವೆಂಬರಿನಲ್ಲಿ. 2020ರಲ್ಲಿ ಕೋವಿಡ್‌ನಿಂದಾಗಿ ರಂಗಮಂದಿರಗಳು ಮುಚ್ಚುವವರೆಗೆ ಅದರ ‘ರನ್’ ನಿಲ್ಲಲಿಲ್ಲ. 2021ರಲ್ಲಿ ಪ್ರದರ್ಶನ ಮತ್ತೆ ಶುರುವಾಯಿತು. ಈ ಒಂದು ಅರ್ಥದಲ್ಲಿ ಕನ್ನಡವೂ ಇಂಗ್ಲಿಷಿನ ಜೊತೆಗೇ ಇದೆ. ಕನ್ನಡದಲ್ಲಿ ಸಿನಿಮಾ ‘ಓಡುತ್ತದೆ’: 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದು ಚಿತ್ರರಸಿಕರ ನೆನಪಿನಲ್ಲಿದೆ.

ನಿಂತಲ್ಲೇ ಓಡುವ ಯಂತ್ರ

ಹಡಗು ಎರಡು ಬಂದರುಗಳ ನಡುವೆ, ಸಾರೋಟು ಎರಡು ಊರುಗಳ ನಡುವೆ ‘ರನ್’ ಆಗುತ್ತಿದ್ದ ಕಾಲದಲ್ಲಿ ಪದಕ್ಕೆ ‘ನಿಗದಿತ ದಾರಿಯಲ್ಲಿ ಸಂಚರಿಸು’ ಎಂಬ ಅರ್ಥವಿತ್ತು. ರೈಲು ಬಂದ ಮೇಲೆ ವೇಳಾಪಟ್ಟಿಗೂ ಅದು ಅಂಟಿಕೊಂಡಿತು. ಕೈಗಾರಿಕಾ ಕ್ರಾಂತಿಯ ಯಂತ್ರಗಳು ಈ ಪದಕ್ಕೆ ಇನ್ನೊಂದು ತಿರುವು ಕೊಟ್ಟವು. ನೆಲಕ್ಕೆ ಬಿಗಿದ ಉಗಿಯಂತ್ರ ಎಲ್ಲಿಗೂ ಹೋಗುವುದಿಲ್ಲ, ಆದರೆ ಅದರ ಚಕ್ರ ತಿರುಗುತ್ತಲೇ ಇರುತ್ತದೆ. ಹಾಗೆ ಕೆಲಸ ಮಾಡುತ್ತಿರುವ ಸ್ಥಿತಿಯೇ ‘ರನ್’ ಆಯಿತು. ಇಲ್ಲಿ ಸ್ಥಳಾಂತರದ ಸುಳಿವೇ ಇಲ್ಲ; ಎಡೆಬಿಡದೆ ನಡೆಯುವುದಷ್ಟೇ ಉಳಿದಿದೆ.

ಯಂತ್ರವನ್ನು ನಡೆಸಬಹುದಾದರೆ ಕಾರ್ಖಾನೆಯನ್ನೂ ನಡೆಸಬಹುದು, ಹೋಟೆಲನ್ನೂ ಸರ್ಕಾರವನ್ನೂ ನಡೆಸಬಹುದು. ‘ವ್ಯವಹಾರವನ್ನು ನಿರ್ವಹಿಸು’ ಎಂಬ ಈ ಅರ್ಥ 19ನೆಯ ಶತಮಾನದ ಅಮೆರಿಕದ ಇಂಗ್ಲಿಷಿನಲ್ಲಿ ಬೇರೂರಿತು. 20ನೆಯ ಶತಮಾನದಲ್ಲಿ ಸರದಿ ಕಂಪ್ಯೂಟರಿನದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕುರ್ಟ್ಜ್ 1964ರಲ್ಲಿ ರೂಪಿಸಿದ ‘ಬೇಸಿಕ್’ ಭಾಷೆಯಲ್ಲಿ, ಬರೆದಿಟ್ಟ ಪ್ರೋಗ್ರಾಂ ಕೆಲಸ ಆರಂಭಿಸಬೇಕಾದರೆ ‘ರನ್’ ಎಂದು ಟೈಪ್ ಮಾಡಬೇಕಿತ್ತು. ಮನೆಗಳಿಗೂ ಶಾಲೆಗಳಿಗೂ ಕಂಪ್ಯೂಟರ್ ಬಂದಾಗ ಲಕ್ಷಾಂತರ ಮಂದಿ ಮೊದಲು ಕಲಿತ ಆಜ್ಞೆಗಳಲ್ಲಿ ಇದೂ ಒಂದು. ಇಂದು ಸಾಫ್ಟ್‌ವೇರ್ ಕಚೇರಿಗಳಲ್ಲಿ ಪ್ರೋಗ್ರಾಂ ‘ರನ್ ಆಗ್ತಿದೆ’, ‘ರನ್ ಮಾಡು’ ಎಂಬ ಮಾತು ಕನ್ನಡದೊಳಗೇ ಸೇರಿಹೋಗಿದೆ.

ಹೊಸ ತಂತ್ರಜ್ಞಾನ ಬಂದಾಗಲೆಲ್ಲ ಜನ ಹೊಸ ಪದ ಹುಡುಕುವುದಿಲ್ಲ. ಕೈಗೆ ಸಿಗುವ, ಚಿಕ್ಕದಾದ, ಎಲ್ಲರಿಗೂ ಗೊತ್ತಿರುವ ಪದಕ್ಕೇ ಹೊಸ ಕೆಲಸ ವಹಿಸುತ್ತಾರೆ. ‘ರನ್’ ಇಷ್ಟು ಬೆಳೆಯಲು ಇದು ಮುಖ್ಯ ಕಾರಣ. ವಿಮಾನ ನಿಲ್ದಾಣದ ‘ರನ್‌ವೇ’ ಇದಕ್ಕೆ ಇನ್ನೊಂದು ನಿದರ್ಶನ. ವಿಮಾನ ಹುಟ್ಟುವ ಮೊದಲೇ ಆ ಪದವಿತ್ತು. ಪ್ರಾಣಿಗಳು ಓಡಾಡಿ ಮೂಡಿದ ಜಾಡಿಗೆ ಅಮೆರಿಕದಲ್ಲಿ ಆ ಹೆಸರಿತ್ತು.

ಓಡದೆಯೂ ಬರುವ ರನ್

ಕನ್ನಡಿಗರಿಗೆ ಅತ್ಯಂತ ಪರಿಚಿತವಾದ ‘ರನ್’ ಕ್ರಿಕೆಟ್ಟಿನದು. 22 ಗಜದ ಪಿಚ್ಚಿನಲ್ಲಿ ಇಬ್ಬರು ಬ್ಯಾಟರುಗಳು ಒಬ್ಬರ ತುದಿಯಿಂದ ಇನ್ನೊಬ್ಬರ ತುದಿಗೆ ಓಡಿ ಸೇರಿದರೆ ಒಂದು ರನ್. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಲೆಕ್ಕ ಇಡುವವರು ಪ್ರತಿ ಓಟಕ್ಕೂ ಕೋಲಿನ ಮೇಲೆ ಒಂದು ಕಚ್ಚು ಹಾಕುತ್ತಿದ್ದರು. ಆಗ ಅಂಕಕ್ಕೆ ಕಚ್ಚು ಎಂಬ ಅರ್ಥದ ‘ನಾಚ್’ ಎಂಬ ಹೆಸರೂ ಇತ್ತು. ಕೊನೆಗೆ ಉಳಿದದ್ದು ‘ರನ್’.

ಆದರೆ ಓಟದ ಹೆಸರಾಗಿದ್ದ ಪದ ಅಂಕದ ಹೆಸರಾದ ಮೇಲೆ ಓಟದ ಅಗತ್ಯವೇ ಉಳಿಯಲಿಲ್ಲ. ಚೆಂಡು ಗೆರೆ ದಾಟಿದರೆ ನಾಲ್ಕು ರನ್, ನೆಲ ಮುಟ್ಟದೆ ದಾಟಿದರೆ ಆರು. ಬೌಲರ್ ವೈಡ್ ಎಸೆದರೂ ರನ್, ನೋಬಾಲ್ ಎಸೆದರೂ ರನ್. ರಾಹುಲ್ ದ್ರಾವಿಡ್ ಟೆಸ್ಟ್ ಪಂದ್ಯಗಳಲ್ಲಿ ಗಳಿಸಿದ್ದು 13,288 ರನ್. ಅವುಗಳಲ್ಲಿ 1,654 ಬೌಂಡರಿ, 21 ಸಿಕ್ಸರ್. ಲೆಕ್ಕ ಹಾಕಿದರೆ ಅವರ ರನ್‌ಗಳಲ್ಲಿ ಸರಿಸುಮಾರು ಅರ್ಧ ಬಂದದ್ದು ಬೌಂಡರಿ ಹೊಡೆತಗಳಿಂದ, ಅಂದರೆ ತುದಿಯಿಂದ ತುದಿಗೆ ಓಡಿ ಮುಟ್ಟಬೇಕಾದ ಅಗತ್ಯವಿಲ್ಲದೆ. ಪದದ ಮೂಲ ಅರ್ಥ ಕಳಚಿಬಿದ್ದು ಹೊಸ ಅರ್ಥ ಸ್ವತಂತ್ರವಾಗುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಆದರೂ ‘ರನ್ ಔಟ್’ ಎಂಬಲ್ಲಿ ಹಳೆಯ ಓಟ ಹಾಗೇ ಉಳಿದಿದೆ, ಗಾಯಗೊಂಡ ಬ್ಯಾಟರಿನ ಪರವಾಗಿ ಓಡುತ್ತಿದ್ದ ‘ರನ್ನರ್’ನಲ್ಲಿಯೂ ಇತ್ತು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಆ ಸೌಲಭ್ಯವನ್ನು 2011ರಲ್ಲಿ ಕೈಬಿಡಲಾಯಿತು.

ಸ್ಪರ್ಧೆಗಳು ಕೊಟ್ಟ ಪದಗಳು ಇನ್ನೂ ಇವೆ. ಎರಡನೆಯ ಸ್ಥಾನ ಪಡೆದವರನ್ನು ಸೂಚಿಸುವ ‘ರನ್ನರ್ ಅಪ್’ ಮೊದಲು ಬೇಟೆನಾಯಿಗಳ ಪಂದ್ಯದ ಮಾತು. ಕೊನೆಯ ಸುತ್ತಿನವರೆಗೂ ಸೋಲದೆ ಬಂದು ಅಲ್ಲಿ ಸೋತ ನಾಯಿಗೆ ಆ ಹೆಸರು. ಅಮೆರಿಕದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ‘ರನ್ನಿಂಗ್ ಮೇಟ್’ ಎನ್ನುವುದು ಕುದುರೆ ಜೂಜಿನಿಂದ ಬಂದ ರೂಢಿ. ಒಂದೇ ಲಾಯದ ಎರಡು ಕುದುರೆಗಳಲ್ಲಿ ಮುಖ್ಯ ಕುದುರೆಗೆ ವೇಗ ಹೊಂದಿಸಿಕೊಡಲು ಓಡುವ ಜೊತೆಗಾರ ಕುದುರೆ ಅದು.

ಚುನಾವಣೆಯ ಮಾತಿನಲ್ಲಿ ಅಮೆರಿಕಕ್ಕೂ ಬ್ರಿಟನ್ನಿಗೂ ಒಂದು ವ್ಯತ್ಯಾಸವಿದೆ. ಅಮೆರಿಕದ ಅಭ್ಯರ್ಥಿ ಚುನಾವಣೆಗೆ ‘ರನ್’ ಆಗುತ್ತಾನೆ. ಬ್ರಿಟನ್ನಿನವನು ‘ಸ್ಟ್ಯಾಂಡ್’ ಆಗುತ್ತಾನೆ, ಅಂದರೆ ನಿಲ್ಲುತ್ತಾನೆ. ಕನ್ನಡದಲ್ಲೂ ಅಭ್ಯರ್ಥಿ ಚುನಾವಣೆಗೆ ನಿಲ್ಲುವವನೇ ಹೊರತು ಓಡುವವನಲ್ಲ.

ಬ್ಯಾಂಕಿನತ್ತ ಧಾವಂತ

ಹಣಕಾಸಿನ ಲೋಕದಲ್ಲಿ ‘ಬ್ಯಾಂಕ್ ರನ್’ ಎಂಬುದು ಭಯದ ಪದ. ಬ್ಯಾಂಕು ಮುಳುಗುತ್ತದೆಂಬ ಸುದ್ದಿ ಹಬ್ಬಿ ಠೇವಣಿದಾರರೆಲ್ಲ ಒಟ್ಟಿಗೇ ಹಣ ಹಿಂಪಡೆಯಲು ಮುಗಿಬೀಳುವುದು ಅದು. ಬ್ಯಾಂಕುಗಳು ಠೇವಣಿಯ ಬಹುಪಾಲನ್ನು ಸಾಲವಾಗಿ ಕೊಟ್ಟಿರುತ್ತವೆ. ಒಂದೇ ದಿನ ಎಲ್ಲರಿಗೂ ಕೊಡುವಷ್ಟು ನಗದು ಯಾವ ಬ್ಯಾಂಕಿನಲ್ಲೂ ಇರುವುದಿಲ್ಲ. ಆದ್ದರಿಂದ ಸುದ್ದಿ ಸುಳ್ಳಾಗಿದ್ದರೂ ಧಾವಂತವೇ ಅದನ್ನು ನಿಜ ಮಾಡಿಬಿಡಬಲ್ಲದು. ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ 1960ರಲ್ಲಿ ಕುಸಿದ ಬಳಿಕ ಭಾರತದಲ್ಲಿ ಠೇವಣಿ ವಿಮೆಯ ಕಾನೂನು ಬಂತು. 1962ರಲ್ಲಿ ಠೇವಣಿ ವಿಮಾ ನಿಗಮ ಕೆಲಸ ಆರಂಭಿಸಿತು. 2020ರಿಂದ ಆ ವಿಮೆಯ ಮಿತಿ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿ.

2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಶಾಖೆಗಳ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. 2023ರ ಮಾರ್ಚಿನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಗ್ರಾಹಕರು ಒಂದೇ ದಿನ 4,200 ಕೋಟಿ ಡಾಲರ್ ಹಿಂಪಡೆಯಲು ಮುಂದಾದಾಗ ಹೆಚ್ಚಿನವರು ಮನೆ, ಕಚೇರಿ ಬಿಟ್ಟು ಕದಲಬೇಕಾಗಿಯೇ ಇರಲಿಲ್ಲ. ಆನ್‌ಲೈನಿನಲ್ಲೇ ವರ್ಗಾವಣೆಯ ಆದೇಶ ಕೊಟ್ಟರು. ಅದೂ ‘ರನ್’ ಎಂದೇ ದಾಖಲಾಯಿತು. ಕ್ರಿಕೆಟ್ಟಿನಲ್ಲಿ ಆದಂತೆ ಇಲ್ಲಿಯೂ ಓಟ ಹೋಗಿ ಹೆಸರು ಉಳಿಯಿತು.

ಹೀಗೆ ಬೇರೆ ಬೇರೆ ಕವಲುಗಳಲ್ಲಿ ಬೆಳೆದ ಅರ್ಥಗಳು ಒಮ್ಮೊಮ್ಮೆ ಒಂದೇ ಪದಗುಚ್ಛದಲ್ಲಿ ಡಿಕ್ಕಿ ಹೊಡೆಯುತ್ತವೆ. ‘ಬುಲ್ ರನ್’ ಎಂದರೆ ಷೇರುಪೇಟೆಯವರಿಗೆ ಬೆಲೆಗಳು ಸತತವಾಗಿ ಏರುವ ಅವಧಿ. ಸ್ಪೇನಿನ ಪಾಂಪ್ಲೋನ ನಗರಕ್ಕೆ ಪ್ರತಿ ಜುಲೈನಲ್ಲಿ ಹೋಗುವ ಪ್ರವಾಸಿಗೆ ಅದು ಬೀದಿಯಲ್ಲಿ ಹೋರಿಗಳ ಮುಂದೆ ಜನ ಓಡುವ ಆಟ. ಅಮೆರಿಕದ ಇತಿಹಾಸ ಓದಿದವರಿಗೆ ಅದು ಅಂತರ್ಯುದ್ಧದ ಎರಡು ಕದನಗಳ ಹೆಸರು. ವರ್ಜೀನಿಯಾದಲ್ಲಿ 1861ರಲ್ಲಿ ಮತ್ತು 1862ರಲ್ಲಿ ನಡೆದ ಆ ಕದನಗಳಿಗೂ ಹೋರಿಯ ಓಟಕ್ಕೂ ಸಂಬಂಧವಿಲ್ಲ. ಆ ಭಾಗದ ಇಂಗ್ಲಿಷಿನಲ್ಲಿ ‘ರನ್’ ಎಂದರೆ ಸಣ್ಣ ಹಳ್ಳ, ತೊರೆ. ಬುಲ್ ರನ್ ಅಲ್ಲಿ ಹರಿಯುವ ಹಳ್ಳದ ಹೆಸರು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ‘ರನ್’ ಎಂದರೆ ಕುರಿ, ದನ ಮೇಯುವ ವಿಶಾಲ ಹುಲ್ಲುಗಾವಲು. ಕೋಳಿಗಳು ಅಡ್ಡಾಡಲು ಬಲೆ ಕಟ್ಟಿದ ಅಂಗಳವೂ ‘ರನ್’, ಹಿಮದ ಇಳಿಜಾರಿನಲ್ಲಿ ಜಾರುವ ಹಾದಿಯೂ ‘ರನ್’.

ಬಾಲ ಬದಲಾದರೆ ಅರ್ಥವೂ ಬೇರೆ

ಅರ್ಥಗಳ ಸಂಖ್ಯೆ ಏರಲು ಇನ್ನೊಂದು ಕಾರಣ ಕ್ರಿಯಾಪದದ ಹಿಂದೆ ಸೇರುವ ಪುಟ್ಟ ಪದಗಳು. ‘ರನ್ ಇಂಟು’ ಎಂದರೆ ಡಿಕ್ಕಿ ಹೊಡೆ ಎಂದೂ ಆಗುತ್ತದೆ, ಅನಿರೀಕ್ಷಿತವಾಗಿ ಭೇಟಿಯಾಗು ಎಂದೂ ಆಗುತ್ತದೆ. ‘ರನ್ ಔಟ್’ ಕ್ರಿಕೆಟ್ಟಿನ ಆಚೆಗೆ ‘ಮುಗಿದುಹೋಗು’: ಸಕ್ಕರೆಯಾಗಲಿ ಸಮಯವಾಗಲಿ ತಾಳ್ಮೆಯಾಗಲಿ. ‘ರನ್ ಡೌನ್’ ಬ್ಯಾಟರಿಗೆ ಹೇಳಿದರೆ ಚಾರ್ಜ್ ಇಳಿಯುವುದು, ಕಟ್ಟಡಕ್ಕೆ ಹೇಳಿದರೆ ಪಾಳುಬೀಳುವುದು, ಮನುಷ್ಯನ ಬಗ್ಗೆ ಹೇಳಿದರೆ ಹೀಯಾಳಿಸುವುದು. ‘ರನ್ ಅಪ್’ ಎಂದರೆ ಅಂಗಡಿಯಲ್ಲಿ ಸಾಲ ಏರಿಸುವುದೂ ಹೌದು, ಬಟ್ಟೆಯನ್ನು ಬೇಗಬೇಗ ಹೊಲಿದುಕೊಡುವುದೂ ಹೌದು. ‘ರನ್ ಆಫ್’ ಎಂದರೆ ಪರಾರಿಯಾಗುವುದೂ ಹೌದು, ಯಂತ್ರದಲ್ಲಿ ಪ್ರತಿಗಳನ್ನು ತೆಗೆಯುವುದೂ ಹೌದು. ‘ರನ್ ಥ್ರೂ’ ಎಂದರೆ ನಾಟಕದ ತಾಲೀಮು ನಡೆಸುವುದಾಗಬಹುದು, ಕತ್ತಿಯಿಂದ ಇರಿಯುವುದಾಗಬಹುದು.

ಕನ್ನಡವೂ ಇಂಥ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತದೆ. ‘ಓಡಿಹೋಗು’, ‘ಓಡಾಡು’, ‘ಓಡಿಬರು’ ಎಂಬಲ್ಲಿ ಹಿಂದೆ ಸೇರುವುದು ಇನ್ನೊಂದು ಕ್ರಿಯಾಪದ. ಇಂಗ್ಲಿಷಿನಲ್ಲಿ ಸೇರುವುದು ದಿಕ್ಕು ಸೂಚಿಸುವ ಚಿಕ್ಕ ಪದ. ಕನ್ನಡದ ಜೋಡಣೆಯಲ್ಲಿ ಓಟ ಸಾಮಾನ್ಯವಾಗಿ ಓಟವಾಗಿಯೇ ಉಳಿಯುತ್ತದೆ. ಇಂಗ್ಲಿಷಿನ ಜೋಡಣೆಯಲ್ಲಿ ಅನೇಕ ಸಲ ಅದು ಗುರುತು ಸಿಗದಷ್ಟು ಮಾಯವಾಗುತ್ತದೆ.

ನಿಘಂಟುಕಾರರ ಎಣಿಕೆ

ಒಂದು ಪದಕ್ಕೆ ಎಷ್ಟು ಅರ್ಥ ಎಂಬ ಪ್ರಶ್ನೆಗೆ ಎಲ್ಲ ನಿಘಂಟುಗಳೂ ಒಂದೇ ಉತ್ತರ ಕೊಡುವುದಿಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ‘ಟೇಕ್’ ಎಂಬ ಕ್ರಿಯಾಪದಕ್ಕೆ 134 ಅರ್ಥ ಕೊಟ್ಟಿದ್ದ. ಬಳಕೆ ಸಡಿಲವಾಗಿ, ಅರ್ಥ ಹಿಡಿತಕ್ಕೆ ಸಿಗದೆ ಕಾಡಿದ ಪದಗಳನ್ನು ಮುನ್ನುಡಿಯಲ್ಲಿ ಪಟ್ಟಿ ಮಾಡುವಾಗ ‘ರನ್’ ಅನ್ನೂ ಆತ ಹೆಸರಿಸಿದ್ದಾನೆ. ಆಕ್ಸ್‌ಫರ್ಡ್ ನಿಘಂಟಿನ ಮೊದಲ ಕಂತು ಬಂದದ್ದು 1884ರಲ್ಲಿ, ಪೂರ್ಣಗೊಂಡದ್ದು 1928ರಲ್ಲಿ. 1989ರ ಎರಡನೆಯ ಆವೃತ್ತಿಯ 20 ಸಂಪುಟಗಳಲ್ಲಿ ಅತಿ ಉದ್ದದ ನಮೂದು ‘ಸೆಟ್’ ಕ್ರಿಯಾಪದದ್ದಾಗಿತ್ತು: ಸುಮಾರು 60,000 ಪದಗಳ ವಿವರಣೆ, ಒಂಟಿ ಕ್ರಿಯಾಪದವಾಗಿಯೇ ಸುಮಾರು 430 ಅರ್ಥ. ಮೂರನೆಯ ಆವೃತ್ತಿಯ ಪರಿಷ್ಕರಣೆ ‘ಎಂ’ ಅಕ್ಷರದಿಂದ ಶುರುವಾಗಿ 2000ದಿಂದ ಆನ್‌ಲೈನಿನಲ್ಲಿ ಬರತೊಡಗಿತು. ಆಗ ಆ ದಾಖಲೆಯನ್ನು ಮೊದಲು ‘ಮೇಕ್’, 2007ರಲ್ಲಿ ‘ಪುಟ್’, 2011ರಲ್ಲಿ ‘ರನ್’ ಮುರಿದವು.

ಅದೇ ‘ರನ್’ಗೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಕಂಪ್ಯೂಟರ್ ಬಳಕೆಗಾಗಿ ಸಿದ್ಧಪಡಿಸಿದ ‘ವರ್ಡ್‌ನೆಟ್’ ಎಂಬ ಪದಕೋಶದಲ್ಲಿ ಕ್ರಿಯಾಪದವಾಗಿ 41, ನಾಮಪದವಾಗಿ 16 ಅರ್ಥಗಳಿವೆ. ಇಷ್ಟು ಅಂತರಕ್ಕೆ ಕಾರಣ ಎರಡೂ ಕಡೆಯ ಉದ್ದೇಶ ಬೇರೆ. ಆಕ್ಸ್‌ಫರ್ಡ್ ನಿಘಂಟು ಸಾವಿರ ವರ್ಷದ ಬಳಕೆಯನ್ನು, ಸತ್ತುಹೋದ ಅರ್ಥಗಳನ್ನೂ ಸೇರಿಸಿ, ಕಾಲಾನುಕ್ರಮದಲ್ಲಿ ದಾಖಲಿಸುತ್ತದೆ. ವರ್ಡ್‌ನೆಟ್‌ಗೆ ಇಂದಿನ ಬಳಕೆ ಸಾಕು. ನೀರು ಹರಿಯುವುದು ಒಂದು ಅರ್ಥ, ಕಣ್ಣೀರು ಹರಿಯುವುದು ಇನ್ನೊಂದು ಅರ್ಥ ಎಂದು ಒಬ್ಬ ನಿಘಂಟುಕಾರ ವಿಂಗಡಿಸಬಹುದು. ಇನ್ನೊಬ್ಬ ಎರಡನ್ನೂ ಒಂದೇ ಮಾಡಬಹುದು. ಅರ್ಥಗಳ ನಡುವಿನ ಗಡಿ ಭಾಷೆಯಲ್ಲಿ ಗೆರೆ ಕೊರೆದಂತೆ ಇರುವುದಿಲ್ಲ.

ಒಂದು ಗಡಿ ಮಾತ್ರ ಸ್ಪಷ್ಟ. ಕನ್ನಡದಲ್ಲಿ ‘ಓಡು’ ಎಂದರೆ ಧಾವಿಸು. ಆಮೆಯ ಬೆನ್ನ ಮೇಲಿನ ಚಿಪ್ಪೂ ಒಡೆದ ಮಡಕೆಯ ಚೂರೂ ‘ಓಡು’. ಇವು ಧ್ವನಿಯಲ್ಲಿ ಒಂದಾದರೂ ಬೇರೆ ಬೇರೆ ಪದಗಳು, ನಿಘಂಟಿನಲ್ಲಿ ಬೇರೆ ಬೇರೆ ನಮೂದುಗಳು. ‘ರನ್’ ಹಾಗಲ್ಲ. ಅದು ಒಂದೇ ಪದವಾಗಿದ್ದು ಅರ್ಥಗಳಲ್ಲಿ ಕವಲೊಡೆದಿದೆ. ಈ ಎರಡನೆಯ ಬಗೆಗೆ ಫ್ರೆಂಚ್ ವಿದ್ವಾಂಸ ಮಿಷೆಲ್ ಬ್ರೆಯಾಲ್ 1897ರಲ್ಲಿ ‘ಪಾಲಿಸೆಮಿ’ ಎಂಬ ಹೆಸರಿಟ್ಟ. ಕನ್ನಡದಲ್ಲಿ ಇದನ್ನು ನಾನಾರ್ಥತೆ ಎನ್ನಬಹುದು. ಹೆಚ್ಚು ಬಳಕೆಯಾಗುವ ಪದಗಳಿಗೆ ಹೆಚ್ಚು ಅರ್ಥಗಳಿರುತ್ತವೆ ಎಂಬುದನ್ನು ಅಮೆರಿಕದ ಜಾರ್ಜ್ ಕಿಂಗ್ಸ್ಲಿ ಜಿಫ್ 1945ರಲ್ಲಿ ಅಂಕಿಸಂಖ್ಯೆಗಳ ಮೂಲಕ ತೋರಿಸಿದ. ದಿನಬಳಕೆಯ ಚಿಕ್ಕ ಕ್ರಿಯಾಪದಗಳೇ ಈ ಪಟ್ಟಿಯ ತುದಿಯಲ್ಲಿರುವುದು ಆ ಮಾತಿಗೆ ತಕ್ಕಂತಿದೆ.

ಕನ್ನಡಕ್ಕೆ ತರುವಾಗ

ಒಂದು ‘ರನ್’ ಕನ್ನಡಕ್ಕೆ ಬರುವಾಗ ಹಲವು ಕ್ರಿಯಾಪದಗಳಾಗಿ ಹಂಚಿಹೋಗುತ್ತದೆ. ಬಸ್ಸು ಓಡುತ್ತದೆ, ಹೊಳೆ ಹರಿಯುತ್ತದೆ, ಮೂಗು ಸುರಿಯುತ್ತದೆ, ಬಣ್ಣ ಬಿಡುತ್ತದೆ, ರಸ್ತೆ ಹಾದುಹೋಗುತ್ತದೆ, ಅಂಗಡಿ ನಡೆಯುತ್ತದೆ, ಅಕ್ಕಿ ತೀರಿಹೋಗುತ್ತದೆ, ಜ್ವರ ಬರುತ್ತದೆ, ಪತ್ರಿಕೆಯಲ್ಲಿ ವರದಿ ಪ್ರಕಟವಾಗುತ್ತದೆ. ಯಾವ ‘ರನ್’ಗೆ ಯಾವ ಕನ್ನಡ ಎಂಬುದನ್ನು ನಿರ್ಧರಿಸುವುದು ಅದರ ಕರ್ತೃ, ಕರ್ಮ ಮತ್ತು ಹಿಂದೆ ಸೇರಿದ ಚಿಕ್ಕ ಪದ. ಓದುಗರು ಇದನ್ನು ಅರಿವಿಲ್ಲದೆಯೇ ಮಾಡುತ್ತಾರೆ. ಅನುವಾದ ಮಾಡುವ ಕಂಪ್ಯೂಟರಿಗೆ ಇದು ದಶಕಗಳ ಕಾಲ ಕಗ್ಗಂಟಾಗಿತ್ತು. ಪದಕ್ಕೆ ಪದ ಇಟ್ಟು ಅನುವಾದಿಸುವ ಹಳೆಯ ಕ್ರಮದಲ್ಲಿ ಕಂಪನಿಯನ್ನು ನಡೆಸುವವರು ಕಂಪನಿಯನ್ನು ಓಡಿಸುವವರಾಗಿಬಿಡುತ್ತಿದ್ದರು. ಇಡೀ ವಾಕ್ಯವನ್ನು, ಸುತ್ತಲಿನ ವಾಕ್ಯಗಳನ್ನು ಒಟ್ಟಿಗೆ ಗಮನಿಸುವ ಈಚಿನ ವಿಧಾನಗಳಲ್ಲಿ ಅಂಥ ತಪ್ಪು ಕಡಿಮೆಯಾಗಿದೆ.

ಇಂಗ್ಲಿಷಿನ ಈ ಹಂಚಿಕೆ ಕನ್ನಡಕ್ಕೆ ತೀರ ಹೊರಗಿನದೂ ಅಲ್ಲ. ಹಳಗನ್ನಡದ ‘ಪರಿ’ ಎಂಬ ಕ್ರಿಯಾಪದಕ್ಕೆ ಓಡು, ಹರಿ ಎಂಬ ಎರಡೂ ಅರ್ಥಗಳಿದ್ದವು, ಹಳೆಯ ಇಂಗ್ಲಿಷಿನ ‘ರಿನ್ನನ್’ಗೆ ಇದ್ದಂತೆಯೇ. ‘ಪ’ಕಾರ ‘ಹ’ಕಾರವಾಗಿ ‘ಹರಿ’ ಆದ ಮೇಲೆ ಅದು ಮುಖ್ಯವಾಗಿ ನೀರಿಗೆ ಉಳಿದು, ಓಟಕ್ಕೆ ‘ಓಡು’ ನಿಂತಿತು. ಆದರೂ ‘ಲಾರಿ ಹರಿದು ಬೈಕ್ ಸವಾರ ಸಾವು’ ಎಂದು ಪತ್ರಿಕೆಗಳು ಬರೆಯುವಾಗ ಹಳೆಯ ಓಟದ ಅರ್ಥವೇ ಮುಂದೆ ಬರುತ್ತದೆ. ಇಂಗ್ಲಿಷ್ ಪತ್ರಿಕೆಗಳು ಅದೇ ಜಾಗದಲ್ಲಿ ‘ರನ್ ಓವರ್’ ಎನ್ನುತ್ತವೆ. ಮೊಬೈಲಿನಿಂದ ಮೊಬೈಲಿಗೆ ಹೋಗುವ ವಿಡಿಯೊ ‘ಹರಿದಾಡುತ್ತಿದೆ’ ಎನ್ನುವಾಗಲೂ ಹಳೆಯ ಕ್ರಿಯಾಪದಕ್ಕೆ ಹೊಸ ತಂತ್ರಜ್ಞಾನದ ಕೆಲಸ ಸಿಕ್ಕಿದೆ. ಕನ್ನಡ ಇಂಥ ಕೆಲಸಗಳನ್ನು ಹಲವು ಕ್ರಿಯಾಪದಗಳಿಗೆ ಹಂಚಿದೆ, ಇಂಗ್ಲಿಷ್ ಅವುಗಳಲ್ಲಿ ಬಹುಪಾಲನ್ನು ಒಂದೇ ಪದಕ್ಕೆ ಒಪ್ಪಿಸಿದೆ. 645 ಎಂಬ ಸಂಖ್ಯೆ ಆ ಒಪ್ಪಿಸುವಿಕೆಯ ಲೆಕ್ಕ.